ಬೇಡ ಅನ್ನಲು ಒಬ್ಬರು ಸಾಕು

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಎಲ್ಲಾದರೂ ಗುಂಡಿನ ದಾಳಿಯಾದರೆ ಊರಿನ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ, ಎರಡು ದಿನಕ್ಕೆ ಮರೆಯಾಗುತ್ತದೆ. ಅದಾದ ಮೇಲೆ ಇಲ್ಲಿ ನಮ್ಮ ಮನೆಗಳ ಒಳಗೆ ಏನು ನಡೆಯುತ್ತದೆ ಅನ್ನುವುದು ಮಾತ್ರ ಊರಿನವರಿಗೆ ತಿಳಿಯುವುದಿಲ್ಲ. ಗಂಡ ಹೆಂಡತಿ ಒಟ್ಟಿಗೆ ಹೋಗಿ ಪಿಸ್ತೂಲ್ ಲೈಸೆನ್ಸಿನ ಕ್ಲಾಸಿಗೆ ಕೂರುತ್ತಿದ್ದಾರೆ. ನಾನೂ ನಮ್ಮನೆಯವರೂ ಕೂತು ಬಂದವರೇ. ಮಗನೋ ಮಗಳೋ ಇಲ್ಲಿರುವ ತಂದೆತಾಯಂದಿರು ನಿಮ್ಮ ಓದುಗರಲ್ಲಿ ಬೇಕಾದಷ್ಟು ಜನ ಇರುತ್ತಾರೆ. ಅವರು ಓದಲಿ ಎಂದು ಬರೆಯುತ್ತಿದ್ದೇನೆ.

ನಾವಿರುವುದು ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸಿನ ಉತ್ತರಕ್ಕೆ. ಪ್ಲೇನೋ, ಫ್ರಿಸ್ಕೋ, ಅಲೆನ್, ಮೆಕಿನ್ನಿ ಎಂದು ಒಂದಕ್ಕೊಂದು ಅಂಟಿಕೊಂಡ ಊರುಗಳು. ನಮ್ಮವರು ತುಂಬಾ ಇರುವ ಕಡೆ. 2023ರ ಮೇ 6, ಶನಿವಾರ ಮಧ್ಯಾಹ್ನ, ಅಲೆನ್‌ನ ಔಟ್‌ಲೆಟ್ ಮಾಲ್‌ನಲ್ಲಿ ಒಬ್ಬ ಎಂಟು ಜನರನ್ನು ಕೊಂದ. ಅವರಲ್ಲಿ ಪುಟ್ಟ ಮಕ್ಕಳಿದ್ದರು, ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರ್ ಒಬ್ಬಳಿದ್ದಳು. ಶಾಲೆ ಶುರುವಾಗುವ ಮೊದಲು ನಾವೆಲ್ಲ ಮಕ್ಕಳಿಗೆ ಶೂ ಕೊಡಿಸಲು ಹೋಗುವ ಜಾಗ ಅದು. ಬೇರೆ ಯಾವುದೋ ಕೆಲಸಕ್ಕೆ ಅಲ್ಲಿಗೆ ಬಂದಿದ್ದ ಪೊಲೀಸ್ ಅಧಿಕಾರಿಯೊಬ್ಬರು ಸದ್ದು ಕೇಳಿದ ಕಡೆಗೇ ಓಡಿ ಅವನನ್ನು ಹೊಡೆದುರುಳಿಸಿದರು. ಇಲ್ಲದಿದ್ದರೆ ಇನ್ನೆಷ್ಟು ಹೆಣ ಬೀಳುತ್ತಿತ್ತೋ.

ಆ ವಾರವೇ ನಮ್ಮನೆಯವರು, "ನಾವೂ ಒಂದು ತಗೊಳ್ಳೋಣ ಕಣೇ" ಅಂದರು. ನಾನು ಬೇಡ ಅಂದೆ. ಮಾತು ತಿಂಗಳುಗಟ್ಟಲೆ ಎಳೆಯಿತು. ಕಡೆಗೆ, ಇಬ್ಬರೂ ಕಲಿತು ಬಂದು ಆಮೇಲೆ ತೀರ್ಮಾನ ಮಾಡೋಣ ಎಂದು ಹೊರಟೆವು.

ಗನ್ ಬೇಕು ಅನ್ನುವವರ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಈ ಲೈಸೆನ್ಸ್ ಹುಟ್ಟಿದ್ದೇ ಒಂದು ದೊಡ್ಡ ದುಃಖದಿಂದ. 1991ರ ಅಕ್ಟೋಬರ್ 16ರಂದು ಇದೇ ರಾಜ್ಯದ ಕಿಲೀನ್ ಊರಿನಲ್ಲಿ ಒಬ್ಬ ತನ್ನ ಪಿಕಪ್ ಟ್ರಕ್ಕನ್ನು ಊಟದ ಹೋಟೆಲಿನ ಗಾಜು ಒಡೆದು ಒಳಗೆ ನುಗ್ಗಿಸಿ 23 ಜನರನ್ನು ಗುಂಡಿಟ್ಟು ಕೊಂದ. ಸುಝಾನಾ ಹಪ್ ಎಂಬಾಕೆ ಅಂದು ಅಪ್ಪ ಅಮ್ಮನ ಜೊತೆ ಅಲ್ಲಿ ಊಟಕ್ಕೆ ಕೂತಿದ್ದರು. ಅವರ ರಿವಾಲ್ವರ್ ಹೊರಗೆ ಕಾರಿನಲ್ಲಿತ್ತು, ಯಾಕೆಂದರೆ ಅದನ್ನು ಬಚ್ಚಿಟ್ಟುಕೊಂಡು ಓಡಾಡಲು ಆಗಿನ ಕಾನೂನು ಬಿಡುತ್ತಿರಲಿಲ್ಲ. ಕೊಲೆಗಾರನ ಮೇಲೆ ಎರಗಲು ಹೋದ ಅಪ್ಪ ಗುಂಡು ತಗುಲಿ ಬಿದ್ದರು. ಅಮ್ಮ ಹೊರಗೆ ಓಡಲಿಲ್ಲ, ಗಂಡನ ಬಳಿಗೆ ಹೋಗಿ ಕೂತರು. ಅವರನ್ನೂ ಕೊಂದ. ಹಪ್ ಊರೂರು ತಿರುಗಿ ಈ ಕಥೆ ಹೇಳಿದರು. 1995ರಲ್ಲಿ ಇಲ್ಲಿನ ಗವರ್ನರ್ ಆಗಿದ್ದ, ಮುಂದೆ ಅಮೆರಿಕದ ಅಧ್ಯಕ್ಷರಾದ ಜಾರ್ಜ್ ಡಬ್ಲ್ಯು. ಬುಷ್ ಸಹಿ ಹಾಕಿ, ಪಿಸ್ತೂಲನ್ನು ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡಲು ಲೈಸೆನ್ಸ್ ಕೊಡುವ ಕಾನೂನು ಬಂತು. ಮರುವರ್ಷ ಹಪ್ ತಾವೇ ಶಾಸಕಿಯಾಗಿ ಆರಿಸಿ ಬಂದರು. ಅವರ ಸಂಕಟದ ಎದುರು ವಾದ ಹೂಡಲು ನನಗೆ ಬಾಯಿ ಬರುವುದಿಲ್ಲ.

2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸಿನಲ್ಲಿ 21 ವರ್ಷ ದಾಟಿದ ಹೆಚ್ಚಿನವರಿಗೆ ಪಿಸ್ತೂಲ್ ಇಟ್ಟುಕೊಂಡು ಓಡಾಡಲು ಲೈಸೆನ್ಸೇ ಬೇಕಿಲ್ಲ. ಆದರೂ ಜನ ಕ್ಲಾಸಿಗೆ ಬರುತ್ತಾರೆ. ಲೈಸೆನ್ಸ್ ಇದ್ದರೆ ಎಷ್ಟೋ ಬೇರೆ ರಾಜ್ಯಗಳಲ್ಲಿ ನಡೆಯುತ್ತದೆ. ಶಾಲೆಯ ಸುತ್ತ ಸಾವಿರ ಅಡಿಯೊಳಗೆ ಗನ್ ತರಬಾರದೆಂಬ ಕೇಂದ್ರದ ಕಾನೂನಿನಲ್ಲಿ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ತಾಯಂದಿರಿಗೆ ಇದು ಸಣ್ಣ ವಿಷಯವಲ್ಲ.

ಕ್ಲಾಸು ನಾಲ್ಕರಿಂದ ಆರು ಗಂಟೆಯದು. ಜೋಡಿಯಾಗಿ ಬಂದರೆ ಫೀಸಿನಲ್ಲಿ ರಿಯಾಯಿತಿ ಎಂದು ಬೋರ್ಡ್ ಹಾಕಿದ್ದರು. ನಮ್ಮ ಜೊತೆ ಕೂತವರಲ್ಲಿ ಹೆಚ್ಚಿನವರು ಜೋಡಿಗಳೇ: ಹೊಸದಾಗಿ ಮದುವೆಯಾದವರು, ರಿಟೈರ್ ಆದವರು, ಒಂದು ಗುಜರಾತಿ ಜೋಡಿ. ಕಲಿಸಿದವರು ನಿವೃತ್ತ ಪೊಲೀಸ್, ಚೆನ್ನಾಗಿಯೇ ಕಲಿಸಿದರು. ಯಾವಾಗ ಬಲ ಪ್ರಯೋಗಿಸಬಹುದು, ಎಲ್ಲೆಲ್ಲಿ ಗನ್ ಒಯ್ಯಬಾರದು, ಜಗಳವನ್ನು ಮಾತಿನಲ್ಲೇ ಮುಗಿಸುವುದು ಹೇಗೆ, ಮಕ್ಕಳ ಕೈಗೆ ಸಿಗದಂತೆ ಇಡುವುದು ಹೇಗೆ, ಎಲ್ಲವನ್ನೂ ಹೇಳಿದರು. 17 ವರ್ಷದೊಳಗಿನ ಮಗುವಿನ ಕೈಗೆ ತುಂಬಿದ ಗನ್ ಸಿಗುವಂತೆ ಬಿಟ್ಟರೆ ಇಲ್ಲಿ ಅದು ಅಪರಾಧ. ಕೊನೆಗೆ ಲಿಖಿತ ಪರೀಕ್ಷೆ, ಆಮೇಲೆ ರೇಂಜಿನಲ್ಲಿ, ಅಂದರೆ ಗುರಿಯಿಟ್ಟು ಹೊಡೆಯುವ ಜಾಗದಲ್ಲಿ, 50 ಗುಂಡು. ಮೂರು ಗಜದಿಂದ 20, ಏಳು ಗಜದಿಂದ 20, ಹದಿನೈದು ಗಜದಿಂದ 10. ಒಟ್ಟು 250 ಅಂಕ, 175 ಬಂದರೆ ಪಾಸು.

ರೇಂಜಿನ ಬಗ್ಗೆ ಸ್ವಲ್ಪ ಹೇಳಬೇಕು. ಕಿವಿಗೆ ಮುಚ್ಚಳ ಹಾಕಿದ್ದರೂ ಪ್ರತಿ ಈಡಿಗೆ ಎದೆಯೊಳಗೆ ಗುದ್ದಿದಂತಾಗುತ್ತದೆ. ಎದುರಿಗೆ ಕಾಗದದ ಮೇಲೆ ಕಪ್ಪಗೆ ಅಚ್ಚು ಹಾಕಿದ ಮನುಷ್ಯಾಕಾರ. ಪಿಸ್ತೂಲಿನಿಂದ ಹಾರುವ ತೋಟಾದ ಹಿತ್ತಾಳೆಯ ಖಾಲಿ ಚಿಪ್ಪು ಸುಡುವಷ್ಟು ಬಿಸಿಯಾಗಿರುತ್ತದೆ. ಪಕ್ಕದಲ್ಲಿ ಹೊಡೆಯುತ್ತಿದ್ದವರದ್ದೊಂದು ನನ್ನ ಕೊರಳಪಟ್ಟಿಯೊಳಗೆ ಬಿದ್ದು ಚುರ್ ಎಂದಿತು. ಸುಟ್ಟರೂ ಮೊದಲು ಗನ್ನನ್ನು ಮುಂದಕ್ಕೇ ಹಿಡಿದು ಕೆಳಗಿಡಬೇಕು, ತಿರುಗಬಾರದು, ಕೈ ಕೊಡವಬಾರದು ಎಂದು ಮೇಷ್ಟ್ರು ಮೊದಲೇ ಹೇಳಿದ್ದರಿಂದ ಹಾಗೆಯೇ ಮಾಡಿದೆ.

ಅಲ್ಲಿ ಕಂಡ ಇನ್ನೊಂದು ಮಾತು. ಎಷ್ಟೋ ಹೆಂಗಸರ ಹಿಂದೆ ಗಂಡ ನಿಂತು ಮೊಣಕೈ ತಿದ್ದುತ್ತಿದ್ದರು. ಮೇಷ್ಟ್ರು ಹೆಂಡತಿಯನ್ನು ಪ್ರಶ್ನೆ ಕೇಳಿದರೆ ಉತ್ತರ ಗಂಡನ ಬಾಯಿಂದ. ಕಡೆಗೆ ಅವರು ಗಂಡಸರನ್ನೆಲ್ಲ ಹಿಂದಿನ ಬೆಂಚಿಗೆ ಕಳಿಸಿ, ಹೆಂಗಸರನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ಹೊಡೆಸಿದರು. ಆಗ ಒಬ್ಬಾಕೆ ಮೆಲ್ಲಗೆ, "ನನಗೆ ಇದು ಬೇಕಾಗಿಯೇ ಇರಲಿಲ್ಲ" ಅಂದರು. ಮೇಷ್ಟ್ರು ಹೆಗಲು ತಟ್ಟಿ, ಹೆದರಬೇಡಿ, ರೂಢಿಯಾಗುತ್ತದೆ ಅಂದರು. ಆಕೆ ಹೇಳಿದ್ದು ಹೆದರಿಕೆಯ ಮಾತಲ್ಲ. ಬೇಡ ಅನ್ನುವ ಮಾತು. ಅದನ್ನು ಕೇಳಿಸಿಕೊಳ್ಳುವ ಜಾಗ ಆ ಕ್ಲಾಸಿನಲ್ಲಿ ಇರಲಿಲ್ಲ.

ನನ್ನ ದೊಡ್ಡ ತಕರಾರು ಇದೇ. ಜಗಳ ಬಿಡಿಸುವ ಪಾಠದ ಉದಾಹರಣೆಗಳೆಲ್ಲ ಹೊರಗಿನವರದ್ದು: ಪಾರ್ಕಿಂಗ್ ಜಾಗದಲ್ಲಿ ಕಿರುಚುವವನು, ರಸ್ತೆಯಲ್ಲಿ ಅಡ್ಡ ಬಂದವನು, ರಾತ್ರಿ ಬಾಗಿಲು ಒಡೆಯುವವನು. ಗಂಡ ಹೆಂಡತಿ ಪಕ್ಕಪಕ್ಕ ಕೂತಿದ್ದಾರೆ, ಅವರಿಬ್ಬರ ಜಗಳದ ದಿನ ಆ ಗನ್ ಎಲ್ಲಿರಬೇಕು ಅನ್ನುವುದರ ಬಗ್ಗೆ ಒಂದಕ್ಷರ ಇಲ್ಲ.

ಲೆಕ್ಕ ನೋಡಿದರೆ ಭಯಪಡಬೇಕಾದದ್ದು ಆ ದಿನಕ್ಕೇ. 2021ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತವರು 48,830 ಜನ. ಅದರಲ್ಲಿ 26,328 ಆತ್ಮಹತ್ಯೆ, ಅರ್ಧಕ್ಕಿಂತ ಹೆಚ್ಚು. ಸ್ಟ್ಯಾನ್‌ಫರ್ಡ್ ಸಂಶೋಧಕರು ಕ್ಯಾಲಿಫೋರ್ನಿಯಾದ ಲಕ್ಷಾಂತರ ಮನೆಗಳ ದಾಖಲೆ ನೋಡಿ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಿಸ್ತೂಲ್ ಇಟ್ಟುಕೊಂಡವರ ಜೊತೆ ಬಾಳುವವರು ಸಂಗಾತಿಯ ಗುಂಡಿಗೆ ಬಲಿಯಾಗುವ ಸಂಭವ ಗನ್ ಇಲ್ಲದ ಮನೆಯವರಿಗಿಂತ ಏಳು ಪಟ್ಟು. ಹಾಗೆ ಸತ್ತವರಲ್ಲಿ ನೂರಕ್ಕೆ 84 ಹೆಂಗಸರು. ಹೆಂಡತಿಗೆ, ಗೆಳತಿಗೆ ಜೀವಭಯ ಹುಟ್ಟಿಸಿದ್ದಕ್ಕೆ ಕೋರ್ಟಿನ ರಕ್ಷಣಾದೇಶಕ್ಕೆ ಒಳಗಾದವನು ಗನ್ ಇಟ್ಟುಕೊಳ್ಳುವಂತಿಲ್ಲ ಎಂಬ ಕಾನೂನನ್ನು ಸುಪ್ರೀಂ ಕೋರ್ಟ್ 2024ರ ಜೂನ್ 21ರಂದು ಎಂಟು ಒಂದರ ಬಹುಮತದಿಂದ ಎತ್ತಿಹಿಡಿಯಿತು. ಆ ಮೊಕದ್ದಮೆ ಹೋದದ್ದೂ ನಮ್ಮ ಟೆಕ್ಸಾಸಿನಿಂದಲೇ. ಆದರೆ ಕೋರ್ಟಿಗೆ ಹೋಗದ ಹೆಂಗಸರೇ ನಮ್ಮಲ್ಲಿ ಹೆಚ್ಚು. ಗಂಡನ ವೀಸಾದ ಮೇಲೆ ಬಂದು, ಕೆಲಸವಿಲ್ಲದೆ, ಕಾರಿಲ್ಲದೆ ಮನೆಯೊಳಗಿರುವ ಹುಡುಗಿ ಯಾವ ಕೋರ್ಟಿನ ಬಾಗಿಲು ತಟ್ಟಿಯಾಳು?

ವೀಸಾದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಎಚ್-1ಬಿ (ಕೆಲಸದವರ), ಎಚ್-4 (ಅವರ ಗಂಡ, ಹೆಂಡತಿ, ಮಕ್ಕಳ), ಎಫ್-1 (ವಿದ್ಯಾರ್ಥಿಗಳ) ವೀಸಾ ಮೇಲೆ ಇರುವವರು, ಬೇಟೆಯ ಲೈಸೆನ್ಸಿನಂಥ ಕೆಲವೇ ವಿನಾಯಿತಿ ಬಿಟ್ಟರೆ, ಗನ್ ಅಥವಾ ತೋಟಾ ಇಟ್ಟುಕೊಳ್ಳುವುದು ಕೇಂದ್ರ ಕಾನೂನಿನಲ್ಲಿ ಜೈಲು ಶಿಕ್ಷೆಯ ಅಪರಾಧ. ಕಾಯಂ ಆಗಿ ನೆಲೆಸಲು ಕೊಡುವ ಗ್ರೀನ್ ಕಾರ್ಡ್ ಇದ್ದವರ ಮಾತು ಬೇರೆ. "ಟೆಕ್ಸಾಸಿನಲ್ಲಿ ಲೈಸೆನ್ಸೇ ಬೇಡ" ಎಂದು ಆಫೀಸಿನ ಗೆಳೆಯರು ಹೇಳಿದ್ದನ್ನು ನಂಬಿ ರೇಂಜಿಗೆ ಹೋಗಿ ಫೋಟೋ ಹಾಕುವ ಹುಡುಗರು ದಯವಿಟ್ಟು ಮೊದಲು ವಕೀಲರನ್ನು ಕೇಳಿ. ರಾಜ್ಯ ಬಿಟ್ಟರೂ ಕೇಂದ್ರ ಬಿಡುವುದಿಲ್ಲ.

ಕೋವಿ ನನಗೆ ಹೊಸದಲ್ಲ. ನನ್ನ ತವರು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಮಂಗ, ಕಾಡುಹಂದಿಯ ಕಾಟಕ್ಕೆಂದು ಅಪ್ಪನ ಹತ್ತಿರ ಬೆಳೆ ರಕ್ಷಣೆಯ ಲೈಸೆನ್ಸಿನ ಕೋವಿ ಇತ್ತು. ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಿ ರಸೀದಿ ತರುವುದು, ಮುಗಿದ ಮೇಲೆ ಹೋಗಿ ಬಿಡಿಸಿಕೊಂಡು ಬರುವುದು. ಆಯುಧಪೂಜೆಗೆ ಅದಕ್ಕೂ ಕುಂಕುಮ, ಒಂದು ಹೂವು. ತೋಟಾ ಎಲ್ಲಿದೆ ಎಂದು ಅಪ್ಪನಿಗೊಬ್ಬರಿಗೇ ಗೊತ್ತು. ಅಮ್ಮನನ್ನು ಯಾರೂ ಕೇಳಿದವರಲ್ಲ. ಅದು ತೋಟದಲ್ಲಿ ಪ್ರಾಣಿ ಬೆದರಿಸುವ ಉದ್ದನೆಯ ಕೋವಿ. ತಲೆದಿಂಬಿನ ಪಕ್ಕ ಡ್ರಾಯರಿನಲ್ಲಿ ತುಂಬಿಟ್ಟ ಪಿಸ್ತೂಲಿನ ವಿಷಯದಲ್ಲಿ ಮನೆಯ ಹೆಂಗಸನ್ನು ಕೇಳದೆ ಇರಲಾಗದು.

ನಾವಿಬ್ಬರೂ ಪಾಸಾದೆವು. ರಾಜ್ಯಕ್ಕೆ 40 ಡಾಲರ್ ಕಟ್ಟಿ, ಬೆರಳಚ್ಚು ಕೊಟ್ಟು, ಲೈಸೆನ್ಸ್ ಕಾರ್ಡೂ ಬಂತು. ಗನ್ ಬಂದಿಲ್ಲ. ಮಗ ಹೈಸ್ಕೂಲಿನಲ್ಲಿದ್ದಾನೆ. ಆ ವಯಸ್ಸಿನ ಮಕ್ಕಳ ಮನಸ್ಸು ಒಂದು ಸಂಜೆಗೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಹೆತ್ತವರಿಗೆ ಗೊತ್ತು. ಮಾತ್ರೆ ನುಂಗಿದವರನ್ನು ಎಷ್ಟೋ ಸಲ ಆಸ್ಪತ್ರೆ ಉಳಿಸಿಕೊಡುತ್ತದೆ. ಗುಂಡು ಹಾರಿಸಿಕೊಂಡವರಲ್ಲಿ ಉಳಿಯುವವರು ತೀರಾ ಕಡಿಮೆ. (ಇಲ್ಲಿರುವವರು ಯಾರಾದರೂ ಅಂಥ ಸಂಕಟದಲ್ಲಿದ್ದರೆ 988 ಸಹಾಯವಾಣಿಗೆ ಕರೆ ಮಾಡಿ, ಹಗಲು ರಾತ್ರಿ ಯಾವಾಗಲಾದರೂ.) ನಮ್ಮನೆಯವರಿಗೆ ನನ್ನ ಮಾತು ಪೂರ್ತಿ ಒಪ್ಪಿಗೆಯಾಗಿಲ್ಲ, ಈಗಲೂ ಕೇಳುತ್ತಿರುತ್ತಾರೆ. ಆದರೆ ಒಂದು ಮಾತಿಗೆ ಇಬ್ಬರೂ ಕಟ್ಟುಬಿದ್ದಿದ್ದೇವೆ: ಗನ್ ಮನೆಗೆ ಬರಬೇಕಾದರೆ ಇಬ್ಬರೂ ಹೂಂ ಅನ್ನಬೇಕು, ಬರದಿರಲು ಒಬ್ಬರ ಬೇಡ ಸಾಕು. ಕ್ಲಾಸಿಗೆ ಹೋಗುವ ಜೋಡಿಗಳು ಈ ಮಾತನ್ನು ಮೊದಲೇ ಆಡಿಕೊಂಡು ಹೋಗಲಿ. ಇಲ್ಲಿನ ಕನ್ನಡ ಸಂಘಗಳು ತೆರಿಗೆ, ವೀಸಾ ಎಂದು ಮಾಹಿತಿ ಸಭೆ ಇಡುತ್ತವೆ. ಇದಕ್ಕೂ ಒಂದು ಸಭೆ ಇಡಲಿ, ಅದರಲ್ಲಿ ಹೆಂಗಸರಿಗೆ ಗಂಡಂದಿರಿಲ್ಲದ ಒಂದು ಗಂಟೆ ಇರಲಿ.

2014ರ ಡಿಸೆಂಬರಿನಲ್ಲಿ ಐಡಹೊ ರಾಜ್ಯದಲ್ಲಿ ಒಬ್ಬ ತಾಯಿ ಎರಡು ವರ್ಷದ ಮಗನನ್ನು ಅಂಗಡಿಯ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಸಾಮಾನು ಕೊಳ್ಳುತ್ತಿದ್ದಳು. ಮಗು ಅವಳ ಕೈಚೀಲದ ಜಿಪ್ ತೆಗೆದು ಪಿಸ್ತೂಲು ಹಿಡಿಯಿತು. ತಾಯಿ ಅಲ್ಲೇ ಸತ್ತಳು. ಅವಳಿಗೆ ಲೈಸೆನ್ಸ್ ಇತ್ತು, ತರಬೇತಿಯೂ ಇತ್ತು. ಗನ್ ಇಡಲೆಂದೇ ಹೊಲಿದ ಆ ಚೀಲ ಗಂಡ ಕೊಟ್ಟ ಕ್ರಿಸ್‌ಮಸ್ ಉಡುಗೊರೆಯಾಗಿತ್ತು.

ಹಾಗಾಗಿ ಊರಿನಲ್ಲಿರುವ ಅಪ್ಪ ಅಮ್ಮಂದಿರೇ, ಬಾಣಂತನಕ್ಕೋ ಮೊಮ್ಮಗನನ್ನು ನೋಡಿಕೊಳ್ಳಲೋ ಆರು ತಿಂಗಳಿಗೆ ಹೊರಡುವ ಮೊದಲು ಫೋನಿನಲ್ಲಿ ಕೇಳಿ: ಮನೆಯಲ್ಲಿ ಗನ್ ಇದೆಯಾ, ಎಲ್ಲಿದೆ, ಬೀಗ ಇದೆಯಾ, ಬೀಗದ ನಂಬರ್ ಯಾರಿಗೆ ಗೊತ್ತು? ಮಗನನ್ನು ಕೇಳಿದಂತೆಯೇ ಸೊಸೆಯನ್ನೂ ಬೇರೆಯಾಗಿ ಕೇಳಿ, ನಿನಗೆ ಒಪ್ಪಿಗೆ ಇದೆಯಾ ಎಂದು. ಬಂದ ಮೇಲೆ ಮನೆ ಒಪ್ಪ ಮಾಡುವಾಗ ಡ್ರಾಯರಿನಲ್ಲೋ ಬಟ್ಟೆಯ ಅಡಿಯಲ್ಲೋ ಅದು ಕಂಡರೆ ನೀವು ಎತ್ತಿ ಬೇರೆ ಕಡೆ ಇಡಬೇಡಿ. ವಿಸಿಟರ್ ವೀಸಾದವರಿಗೂ ಅದೇ ಕಾನೂನು. ಮಗುವನ್ನು ಕರೆದುಕೊಂಡು ಕೋಣೆಯಿಂದ ಹೊರಗೆ ಬನ್ನಿ, ಮಗನಿಗೆ ಫೋನ್ ಮಾಡಿ ಅವನ ಕೈಯಲ್ಲೇ ಬೀಗ ಹಾಕಿಸಿ.

ಇತಿ,
ತೀರ್ಥಹಳ್ಳಿ ಸೀಮೆಯ ಓದುಗಳೊಬ್ಬಳು,
ಮೆಕಿನ್ನಿ, ಟೆಕ್ಸಾಸ್