ಕೋರ್ಟು ಕೊಟ್ಟ ಅಜ್ಜ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ‘ಕೋರ್ಟು ನಿನಗ್ಯಾಕಪ್ಪಾ ಅಜ್ಜನನ್ನು ಕೊಟ್ಟಿತು?’ ಅಂತ ನಕ್ಕೆಯಲ್ಲ, ಆಗ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ.

ಇಲ್ಲಿ ಅಮೆರಿಕದ ಓಹಾಯೊದಲ್ಲಿ ಪ್ರೊಬೇಟ್ ಕೋರ್ಟ್ ಅಂತ ಒಂದಿದೆ. ವಿಲ್ಲು, ದತ್ತು ಎಲ್ಲ ಅದರ ಪಾಲಿಗೆ. ತಮ್ಮ ವಿಷಯ ತಾವೇ ತೀರ್ಮಾನಿಸಲು ಆಗದವರಿಗೆ ಗಾರ್ಡಿಯನ್, ಅಂದರೆ ಅವರ ಪರವಾಗಿ ತೀರ್ಮಾನ ಮಾಡುವವರನ್ನು ನೇಮಿಸುವುದೂ ಅದೇ. ಮನೆಯವರು ಅಂತ ಯಾರೂ ಇಲ್ಲದಿದ್ದರೆ ನನ್ನಂಥ ವಾಲಂಟಿಯರ್. 6 ಗಂಟೆಯ ಕೋರ್ಸ್ ಮಾಡಿದೆ, ಪೊಲೀಸ್ ದಾಖಲೆ ಜಾಲಾಡಿದರು, ಕೈಗೊಂದು ಕಾಗದ ಬಂತು. ನಾವು ನೋಡಿಕೊಳ್ಳುವವರಿಗೆ ಕಾನೂನಿನಲ್ಲಿ ‘ವಾರ್ಡ್’ ಅಂತಾರೆ. ನಮಗೆ ವಾರ್ಡ್ ಅಂದರೆ ಒಂದೋ ಆಸ್ಪತ್ರೆ, ಇಲ್ಲಾ ಕಾರ್ಪೊರೇಷನ್ ಎಲೆಕ್ಷನ್! ನಾನು ಅಜ್ಜ ಅಂತಲೇ ಅನ್ನುತ್ತೇನೆ. ಹೆಸರು ಹೇಳುವ ಹಾಗಿಲ್ಲ.

ಅಜ್ಜನ ದುಡ್ಡು ನನ್ನ ಕೈಗೆ ಬರುವುದಿಲ್ಲ. ಸ್ನಾನ ಮಾಡಿಸುವುದು, ಮಾತ್ರೆ ಕೊಡುವುದೂ ನನ್ನ ಕೆಲಸವಲ್ಲ. ಅವೆಲ್ಲ ಸರಿಯಾಗಿ ನಡೀತಿದೆಯಾ ಅಂತ ನೋಡಬೇಕು, ಚಿಕಿತ್ಸೆಗೆ ಸಹಿ ಹಾಕಬೇಕು. ಮೂರು ತಿಂಗಳಿಗೊಮ್ಮೆಯಾದರೂ ಹೋಗಲೇಬೇಕು. ನಾನು ತಿಂಗಳಿಗೆ ಎರಡು ಸಲ ಹೋಗುತ್ತೇನೆ. ಎರಡು ವರ್ಷಕ್ಕೊಮ್ಮೆ ಕೋರ್ಟಿಗೆ ವರದಿ. ಭಾರೀ ಅಧಿಕಾರ ಅಂದುಕೊಳ್ಳಬೇಡ. ಎಲ್ಲ ಗಾರ್ಡಿಯನ್‌ಗಳ ಮೇಲಿನ ಗಾರ್ಡಿಯನ್ ಕೋರ್ಟೇ ಅಂತ ಇಲ್ಲಿನ ಕಾನೂನಿನಲ್ಲಿ ಬರೆದೇ ಇಟ್ಟಿದ್ದಾರೆ.

ಮೊದಲ ಎರಡು ಸಲ ಅಜ್ಜ ಬಾಯೇ ಬಿಡಲಿಲ್ಲ. ಫೈಲಿನಲ್ಲಿ ‘ಗೊಂದಲ, ಸಹಕರಿಸುವುದಿಲ್ಲ’ ಅಂತಿತ್ತು. ಸುಳ್ಳು ಯಾಕೆ ಹೇಳಲಿ, ನಾನೂ ನಂಬಿದ್ದೆ. ಮೂರನೇ ಸಲ ಕನ್ನಡಕ ಹುಡುಕುತ್ತಾ ಡ್ರಾಯರ್ ಎಳೆದೆ. ಒಂಟಿ ಸಾಕ್ಸು, ಒಣಗಿದ ಕಿತ್ತಳೆ ಸಿಪ್ಪೆ, ಅದರಡಿ ಪುಟ್ಟ ಡಬ್ಬಿಯಲ್ಲಿ ಹಿಯರಿಂಗ್ ಏಡ್. ಬ್ಯಾಟರಿ ಸತ್ತು ಎಷ್ಟು ತಿಂಗಳಾಗಿತ್ತೋ! ನರ್ಸ್ ಹೊಸದು ಹಾಕಿ ಕಿವಿಗೆ ಸಿಕ್ಕಿಸಿದರು. ಅಜ್ಜ ಹುಬ್ಬು ಗಂಟಿಕ್ಕಿ ಪಕ್ಕದ ಹಾಸಿಗೆಯ ಕಡೆ ಕೈ ತೋರಿಸಿದ. ನಾನು ಕೇಳಿದ ಅವನ ಮೊದಲ ಮಾತು: ‘ಆ ಹಾಳು ಟಿವಿ ಆಫ್ ಮಾಡು.’

ಮರೆವು ಇದೆ, ಇಲ್ಲ ಅನ್ನಲ್ಲ. ಹೋದಾಗಲೆಲ್ಲ ನನ್ನ ಹೆಸರು ಕೇಳುತ್ತಾನೆ. ಆದರೆ ತನಗೇನು ಬೇಡ ಅನ್ನೋದು ಚೆನ್ನಾಗಿ ಗೊತ್ತು. ಮುಂದೆ ನುಂಗಲು ಆಗದಿದ್ದರೆ ಟ್ಯೂಬಿನಲ್ಲಿ ಊಟ ಕೊಡಬಹುದಾ ಅಂತ ಮೂರು ಬೇರೆ ಬೇರೆ ದಿನ ಕೇಳಿದೆ. ಮೂರೂ ದಿನ ‘ಬೇಡ’. ತಾರೀಖಿನ ಸಮೇತ ಬರೆದಿಟ್ಟಿದ್ದೇನೆ. ನಾಳೆ ರಾತ್ರಿ ಎರಡು ಗಂಟೆಗೆ ಆಸ್ಪತ್ರೆಯಿಂದ ಫೋನ್ ಬಂದರೆ ನನಗೆ ತೋಚಿದ್ದು ಹೇಳಬಾರದು, ಅವನು ಏನು ಅನ್ನುತ್ತಿದ್ದನೋ ಅದನ್ನು ಹೇಳಬೇಕು. ಕೋರ್ಸಿನಲ್ಲಿ ಇದನ್ನೇ ಹೇಳಿಕೊಟ್ಟಿದ್ದರು, ಆಗ ಸುಮ್ನೆ ತಲೆಯಾಡಿಸಿದ್ದೆ.

ಹಾಂ, ನಿನ್ನ ಅಕ್ಕನ ಮಗನ ವಿಷಯ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇದ್ದರೂ 18 ತುಂಬಿದ ಮೇಲೆ ಅಪ್ಪ ಅಮ್ಮ ತಾವಾಗಿಯೇ ಗಾರ್ಡಿಯನ್ ಆಗಿ ಉಳಿಯುವುದಿಲ್ಲ. ಗಾರ್ಡಿಯನ್ ಬೇಕಿದ್ದರೆ ನಮ್ಮ ಭಾರತದ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಡಿಸಿ ಇರುವ ಜಿಲ್ಲಾ ಸಮಿತಿಗೆ ಅರ್ಜಿ ಹಾಕಬೇಕು. ಬ್ಯಾಂಕಿನವರು ಕೇಳಲಿ ಅಂತ ಕಾಯುವುದು ಬೇಡ. ಅರ್ಜಿ ಬರೆಯುವ ಮೊದಲು ಹುಡುಗನನ್ನೂ ಒಂದು ಮಾತು ಕೇಳಲಿ. ಕ್ರಿಕೆಟ್ ಸ್ಕೋರೆಲ್ಲ ಅವನಿಗೆ ಬಾಯಿಪಾಠ ಅಂತ ನೀನೇ ಹೇಳಿದ್ದೆ, ಅಲ್ವಾ?

ಶನಿವಾರ ಮತ್ತೆ ಅಜ್ಜನ ಹತ್ತಿರ ಹೋಗುತ್ತಿದ್ದೇನೆ. ಬ್ಯಾಟರಿ ಜೇಬಿನಲ್ಲೇ ಇದೆ.

ನಿನ್ನ ಗೆಳೆಯ