ನೀರು ಕಂಡರೆ ದೂರ ಓಡುವ ಡ್ರಾಗನ್‌: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ನೀನು ಸಾಕಿರುವ ಬಿಯರ್ಡೆಡ್ ಡ್ರಾಗನ್ ಹಲ್ಲಿ ರಾಜ ನೀರಿನ ಬಟ್ಟಲಿನ ಕಡೆ ತಿರುಗಿಯೂ ನೋಡುವುದಿಲ್ಲ, ಟಬ್‌ಗೆ ಇಳಿಸಿದರೆ ಗಡ್ಡ, ಅಂದರೆ ಗಂಟಲ ಕೆಳಗಿನ ಮುಳ್ಳು ಚರ್ಮ, ಕಪ್ಪು ಮಾಡಿಕೊಂಡು ಗೋಡೆ ಕೆರೆಯುತ್ತಾನೆ, ಹೀಗೇ ಬಿಟ್ಟರೆ ಒಣಗಿ ಹೋಗುತ್ತಾನೇನೋ ಅಂತ ಭಯ ಅಂದಿದ್ದೀಯ. ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಟಬ್ ಸ್ನಾನ ನಿಲ್ಲಿಸು, ಇವತ್ತಿನಿಂದಲೇ. ಅವನಿಗೆ ನೀರು ಬೇಕು, ಅದು ನಿಜ. ಆದರೆ ಟಬ್ ಬೇಕಾಗಿಲ್ಲ. ಬಿಯರ್ಡೆಡ್ ಡ್ರಾಗನ್ ಸಾಕುವವರಲ್ಲಿ ಬಹಳ ಜನರಿಗೆ ಇದೇ ಚಿಂತೆ, ಅದಕ್ಕೇ ಉತ್ತರವನ್ನು ಎಲ್ಲರೂ ಓದುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ.

ಇವು ಯಾಕೆ ಹೀಗೆ ಅಂತ ತಿಳಿದರೆ ಅರ್ಧ ಭಯ ಹೋಗುತ್ತದೆ. ನಾವಿಬ್ಬರೂ ಸಾಕಿರುವ ಜಾತಿ, ಪೊಗೋನಾ ವಿಟಿಸೆಪ್ಸ್, ಆಸ್ಟ್ರೇಲಿಯಾದ ಒಳನಾಡಿನದು. ಕುರುಚಲು ಗಿಡ, ಕಲ್ಲು, ಒಣ ನೆಲ, ಯಾವಾಗಲೋ ಒಮ್ಮೆ ಮಳೆ. ಅಲ್ಲಿ ನಿಂತ ನೀರು ಸಿಗುವುದೇ ಅಪರೂಪ. ತಿನ್ನುವ ಎಲೆ, ಹೂವು, ಹುಳುಗಳಿಂದಲೇ ಇವುಗಳಿಗೆ ಬಹುಪಾಲು ನೀರು ಸಿಗುತ್ತದೆ, ಉಳಿದದ್ದು ಇಬ್ಬನಿ ಮತ್ತು ಮಳೆ ಹನಿ. ಮಳೆ ಬಂದಾಗ ಹಿಂಭಾಗ ಎತ್ತಿ, ತಲೆ ತಗ್ಗಿಸಿ ನಿಲ್ಲುವುದುಂಟು. ಮೈಮೇಲೆ ಬಿದ್ದ ನೀರು ಮೂತಿಯ ಕಡೆಗೆ ಇಳಿದು ಬರುತ್ತದೆ, ಅದನ್ನು ನೆಕ್ಕುತ್ತವೆ. ಎಂಥ ಉಪಾಯ, ಅಲ್ವಾ? ಹಾಗಾಗಿ ರಾಜನ ಲೆಕ್ಕದಲ್ಲಿ ನೀರು ಅಂದರೆ ಮೇಲಿಂದ ಬೀಳುವುದು, ಹೊಳೆಯುವುದು, ಅಲುಗಾಡುವುದು. ಬಟ್ಟಲಲ್ಲಿ ಸುಮ್ಮನೆ ನಿಂತ ತಿಳಿನೀರನ್ನು ಎಷ್ಟೋ ಡ್ರಾಗನ್‌ಗಳು ನೀರು ಅಂತ ಗುರುತಿಸುವುದೇ ಇಲ್ಲ. ಅವನು ಹಠ ಮಾಡುತ್ತಿಲ್ಲ, ಅವನಿಗೆ ಅದು ಕಾಣುತ್ತಲೇ ಇಲ್ಲ.

ಇನ್ನು ಆ ಸ್ನಾನದ ವಿಷಯ. ಬಾಲದ ಬುಡದ ಕಿಂಡಿಯಿಂದ ಡ್ರಾಗನ್‌ಗಳು ನೀರು ಹೀರಿಕೊಳ್ಳುತ್ತವೆ, ಅದಕ್ಕೇ ನೀರಲ್ಲಿ ಕೂರಿಸಬೇಕು ಅಂತ ನಿನಗೂ ಯಾರೋ ಹೇಳಿರಬೇಕು. ಈ ಮಾತು ಎಲ್ಲ ಕಡೆ ಓಡಾಡುತ್ತದೆ, ಆದರೆ ಇದಕ್ಕೆ ಗಟ್ಟಿ ಆಧಾರ ಇಲ್ಲ. ಇವುಗಳ ಹುರುಪೆ ಚರ್ಮ ಇರುವುದೇ ಒಳಗಿನ ನೀರು ಹೊರಗೆ ಹೋಗದ ಹಾಗೆ ತಡೆಯಲು. ಕಪ್ಪೆಯ ಚರ್ಮ ಬೇರೆ, ಇದು ಬೇರೆ. ಟಬ್‌ನಲ್ಲಿ ಕೂತಾಗ ಬಾಯಿಂದ ಕುಡಿದರೆ ಮಾತ್ರ ನೀರು ಒಳಗೆ ಹೋಗುತ್ತದೆ. ಕೆಲವು ಡ್ರಾಗನ್‌ಗಳು ಹಾಗೆ ಕುಡಿಯುತ್ತವೆ, ಅಂಥವಕ್ಕೆ ಸ್ನಾನ ಒಳ್ಳೆಯದೇ. ಮಲಬದ್ಧತೆ ಇದ್ದಾಗ ಬೆಚ್ಚಗಿನ ನೀರು ಸಹಾಯ ಮಾಡುವುದೂ ಉಂಟು. ಆದರೆ ಗಡ್ಡ ಕಪ್ಪಾಗಿ, ಹೊಟ್ಟೆಯ ಮೇಲೆ ಕಪ್ಪು ಗೆರೆ ಎದ್ದು, ಮೈ ಉಬ್ಬಿಸಿಕೊಂಡು ತೇಲುತ್ತಿರುವ ಪ್ರಾಣಿ ಹೆದರಿದೆ ಅಂತಲೇ ಅರ್ಥ, ಅದು ಅಲ್ಲಿ ಒಂದು ಗುಟುಕೂ ಕುಡಿಯುವುದಿಲ್ಲ. ದಿನಾ ಹಾಗೆ ಹೆದರಿಸಿದರೆ ಊಟವೂ ಕಡಿಮೆಯಾಗುತ್ತದೆ. ಊಟ ಕಡಿಮೆಯಾದರೆ ಅದರ ಜೊತೆ ಬರುವ ನೀರೂ ಕಡಿಮೆ. ನೀರು ಕೊಡಲು ಹೋಗಿ ನೀರನ್ನೇ ತಪ್ಪಿಸಿದ ಹಾಗಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು ಡ್ರಾಪರ್. ಸೂಜಿ ಇಲ್ಲದ ಸಣ್ಣ ಸಿರಿಂಜ್ ಆದರೂ ಸರಿ. ಬೆಳಿಗ್ಗೆ ಅವನ ಪೆಟ್ಟಿಗೆಯ ಬಿಸಿ ಲೈಟ್ ಹಾಕಿದ ತಕ್ಷಣ ಹೋಗಬೇಡ. ಅವನು ಚೆನ್ನಾಗಿ ಬಿಸಿ ಕಾಯಿಸಿಕೊಂಡು ಕಣ್ಣರಳಿಸಿ ಕೂತಿರಲಿ. ಆಮೇಲೆ ಉಗುರುಬೆಚ್ಚಗಿನ ನೀರಿನ ಒಂದು ಹನಿಯನ್ನು ಮೂತಿಯ ತುದಿಗೆ, ತುಟಿ ಸೇರುವ ಗೆರೆಯ ಮುಂಭಾಗಕ್ಕೆ ಬಿಡು. ಮೂಗಿನ ಹೊಳ್ಳೆಯ ಮೇಲೆ ಬೇಡ. ಕಾಯಿ. ಮೊದಲ ಹನಿಗೆ ಏನೂ ಆಗದಿರಬಹುದು, ಎರಡನೆಯದಕ್ಕೆ ತಲೆ ಕೊಡವಬಹುದು, ಮತ್ತೊಂದಕ್ಕೆ ನಾಲಗೆ ಆಚೆ ಬರುತ್ತದೆ. ಒಮ್ಮೆ ನೆಕ್ಕಲು ಶುರು ಮಾಡಿದ ಮೇಲೆ ಹನಿ ನಿಲ್ಲಿಸಬೇಡ, ಅವನ ನಾಲಗೆಯ ವೇಗಕ್ಕೇ ಬಿಡುತ್ತಾ ಹೋಗು, ಸಾಕಾದಾಗ ಅವನೇ ಮುಖ ತಿರುಗಿಸುತ್ತಾನೆ ಅಥವಾ ಕಣ್ಣು ಮುಚ್ಚಿಕೊಳ್ಳುತ್ತಾನೆ. ಅಲ್ಲಿಗೆ ಮುಗಿಸು. ನನ್ನ ಗುಂಡ ಕೆಲವು ದಿನ ತುಂಬಾ ಹೊತ್ತು ಕುಡಿಯುತ್ತಾನೆ, ಕೆಲವು ದಿನ ಮೂಸಿಯೂ ನೋಡುವುದಿಲ್ಲ. ಎರಡೂ ಸರಿಯೇ.

ಒಂದನ್ನು ಮಾತ್ರ ದಯವಿಟ್ಟು ಯಾವತ್ತೂ ಮಾಡಬೇಡ. ಬಾಯಿ ಬಿಡಿಸಿ ಸಿರಿಂಜ್ ಒಳಗೆ ಒತ್ತಬೇಡ. ಇವುಗಳ ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲೇ ಇದೆ, ತುಂಬಾ ಮುಂದೆ. ಜೋರಾಗಿ ಒತ್ತಿದ ನೀರು ನೇರ ಶ್ವಾಸಕೋಶಕ್ಕೆ ಇಳಿಯಬಹುದು, ಅಲ್ಲಿಂದ ನ್ಯುಮೋನಿಯಾ ಬರಬಹುದು. ಬಾಯಾರಿಕೆಗಿಂತ ಅದು ಬೇಗ ಕೊಲ್ಲುತ್ತದೆ.

ಡ್ರಾಪರ್‌ಗೂ ಒಗ್ಗದಿದ್ದರೆ ಹನಿಯನ್ನು ಅವನ ಮುಖದ ಮುಂದಿನ ಕೊಂಬೆಯ ಮೇಲೋ, ಗಾಜಿನ ಮೇಲೋ ಬಿಟ್ಟು ನೋಡು. ಹೊಳೆಯುವ ಹನಿ ಜಾರುವುದು ಕಂಡರೆ ಕುತೂಹಲದಿಂದ ಬಂದು ನೆಕ್ಕುವವು ಬೇಕಾದಷ್ಟಿವೆ. ಬಟ್ಟಲನ್ನೇ ಉಪಯೋಗಿಸಬೇಕು ಅನ್ನಿಸಿದರೆ ತಗ್ಗಾದ ಬಟ್ಟಲು ಇಡು, ಅವನು ನೋಡುತ್ತಿರುವಾಗ ಬೆರಳಿಂದ ನೀರು ಕಲಕು ಅಥವಾ ಮೇಲಿಂದ ಹನಿ ಹನಿ ಬೀಳಿಸು. ಅವನು ಅದರಲ್ಲೇ ಕಕ್ಕಸು ಮಾಡುವ ಸಾಧ್ಯತೆ ಜಾಸ್ತಿ, ಹಾಗಾಗಿ ದಿನಾ ತೊಳೆ. ಈ ಪ್ರಾಣಿಗಳ ಮಲದಲ್ಲಿ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಇರಬಹುದು. ಬಟ್ಟಲು ತೊಳೆದ ಮೇಲೆ ಕೈಯನ್ನೂ ಸೋಪು ಹಾಕಿ ತೊಳೆ, ಮತ್ತು ಅಡುಗೆ ಮನೆಯ ಸಿಂಕ್‌ನಲ್ಲಿ ಈ ಕೆಲಸ ಬೇಡ.

ಈಗ ಮುಖ್ಯವಾದದ್ದಕ್ಕೆ ಬರುತ್ತೇನೆ, ಊಟ. ನನ್ನನ್ನು ಕೇಳಿದರೆ ನೀರಿನ ಚಿಂತೆಯಲ್ಲಿ ಮುಕ್ಕಾಲು ಪಾಲು ಊಟದ ತಟ್ಟೆಯಲ್ಲೇ ಬಗೆಹರಿಯುತ್ತದೆ. ರಾಜ ದೊಡ್ಡವನು, ಅವನ ಊಟದಲ್ಲಿ ಹೆಚ್ಚಿನ ಭಾಗ ಸೊಪ್ಪು ತರಕಾರಿಯೇ ಇರಬೇಕು. ತಾಜಾ ಸೊಪ್ಪಿನ ತೂಕದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ನೀರೇ. ಸಾಸಿವೆ ಸೊಪ್ಪು, ಕೊಲಾರ್ಡ್ (ಎಲೆಕೋಸಿನ ಜಾತಿಯ ಸೊಪ್ಪು), ಡ್ಯಾಂಡೆಲಿಯನ್ ಎಲೆ ಇಂಥವನ್ನು ಚೆನ್ನಾಗಿ ತೊಳೆದು ಒರೆಸದೆ ಹಾಗೇ ಹಾಕು. ಎಲೆಯ ಮೇಲೆ ಹನಿ ನಿಂತಿರಲಿ. ಎಲೆಯ ಜೊತೆ ನೀರೂ ಹೋಗುತ್ತದೆ, ಅವನಿಗೆ ಗೊತ್ತೇ ಆಗುವುದಿಲ್ಲ. ಒಣಗಿ ಮುದುಡಿದ ಸೊಪ್ಪು ಗಂಟೆಗಟ್ಟಲೆ ಲೈಟ್ ಕೆಳಗೆ ಬಿದ್ದಿದ್ದರೆ ಅದರಿಂದ ಏನೂ ಸಿಗುವುದಿಲ್ಲ, ಹಾಗಾಗಿ ತಟ್ಟೆಯನ್ನು ತಂಪಾದ ಮೂಲೆಯಲ್ಲಿಡು. ಪಾಲಕ್ ದಿನಾ ಬೇಡ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಅವಕಾಡೊ ಅಂತೂ ಮುಟ್ಟಿಸಲೇಬೇಡ, ವಿಷ.

ನೀರು ಜಾಸ್ತಿ ಇರುವ ತರಕಾರಿ ಅಂದ ಕೂಡಲೇ ಎಲ್ಲರೂ ಸೌತೆಕಾಯಿ, ಕಲ್ಲಂಗಡಿ ಅಂತಾರೆ. ಸೌತೆಕಾಯಿಯಲ್ಲಿ ನೂರಕ್ಕೆ ಸುಮಾರು 95 ಪಾಲು ನೀರು, ಕಲ್ಲಂಗಡಿಯಲ್ಲಿ ಸುಮಾರು 91. ಬೇಸಿಗೆಯಲ್ಲಿ, ಅಥವಾ ಅವನು ಬೇರೇನೂ ಮುಟ್ಟದ ದಿನ, ಸಣ್ಣ ಚೂರು ಕೊಡಬಹುದು. ಆದರೆ ಅದನ್ನೇ ಅವನ ಪೂರ್ತಿ ಊಟವಾಗಿ ಮಾಡಬೇಡ. ಸತ್ವ ಕಡಿಮೆ, ಹಣ್ಣಿನಲ್ಲಾದರೆ ಸಕ್ಕರೆಯೂ ಇದೆ, ಜಾಸ್ತಿಯಾದರೆ ಭೇದಿ ಆಗುತ್ತದೆ. ಭೇದಿಯಲ್ಲಿ ಹೋಗುವ ನೀರು ಹಣ್ಣಿಂದ ಬಂದ ನೀರಿಗಿಂತ ಹೆಚ್ಚಾಗಿಬಿಡಬಹುದು!

ಹುಳುಗಳಲ್ಲೂ ವ್ಯತ್ಯಾಸ ಇದೆ. ಹಾರ್ನ್‌ವರ್ಮ್ ಅನ್ನುವ ದಪ್ಪ ಹಸಿರು ಕಂಬಳಿಹುಳುವಿನ ಮೈಯಲ್ಲಿ ನೂರಕ್ಕೆ ಸುಮಾರು 85 ಪಾಲು ನೀರು, ರೇಷ್ಮೆಹುಳುವೂ ಹೆಚ್ಚುಕಡಿಮೆ ಹಾಗೇ, ಕ್ರಿಕೆಟ್ ಹುಳುವಿನಲ್ಲಿ ಸುಮಾರು 70. ಡಬ್ಬಿಯಲ್ಲಿ ಬರುವ ಒಣಗಿಸಿದ ಹುಳುಗಳಲ್ಲಿ ಹೆಚ್ಚುಕಡಿಮೆ ನೀರೇ ಇಲ್ಲ. ನೀನು ಸುಲಭ ಅಂತ ಒಣ ಹುಳು ಕೊಡುತ್ತಿದ್ದೀಯ ಅಂತ ಬರೆದಿದ್ದೆ. ಅದನ್ನು ಬಿಟ್ಟು ಜೀವಂತ ಹುಳುವಿಗೆ ಬಾ, ಇದೊಂದೇ ಬದಲಾವಣೆಯಿಂದ ತುಂಬಾ ವ್ಯತ್ಯಾಸ ಕಾಣುತ್ತದೆ. ಆ ಹುಳುಗಳಿಗೂ ಒಂದು ದಿನ ಮೊದಲೇ ರಸವಿರುವ ತರಕಾರಿ ತಿನ್ನಿಸಿಡು. ಹುಳು ಕುಡಿದದ್ದು ರಾಜನ ಹೊಟ್ಟೆಗೇ ಹೋಗುತ್ತದಲ್ಲ.

ಪೆಟ್ಟಿಗೆಯ ಬಗ್ಗೆ ಒಂದೆರಡು ಮಾತು. ಬಿಸಿ ಕಾಯಿಸುವ ಜಾಗ 38ರಿಂದ 42 ಡಿಗ್ರಿ ಸೆಲ್ಸಿಯಸ್ ಇರಲಿ, ಆದರೆ ಇನ್ನೊಂದು ತುದಿ 24ರಿಂದ 28ರ ಹತ್ತಿರ ತಂಪಾಗಿರಲೇಬೇಕು. ಓಡಿಹೋಗಿ ತಣ್ಣಗೆ ಕೂರಲು ಜಾಗ ಇಲ್ಲದಿದ್ದರೆ ನೀನು ಎಷ್ಟು ಹನಿ ಹಾಕಿದರೂ ಅವನು ಒಣಗುತ್ತಲೇ ಇರುತ್ತಾನೆ. ಗಾಳಿಯ ತೇವ ಶೇಕಡಾ 30ರಿಂದ 40 ಇದ್ದರೆ ಸಾಕು. ನೀರು ಸಾಲದು ಅಂತ ಪೆಟ್ಟಿಗೆಗೆಲ್ಲಾ ಸ್ಪ್ರೇ ಹೊಡೆದು ಒದ್ದೆ ಮಾಡಬೇಡ. ಇವು ಒಣ ನೆಲದ ಪ್ರಾಣಿಗಳು, ಸದಾ ತೇವ ಇದ್ದರೆ ಉಸಿರಾಟದ ಸೋಂಕು ಬರುತ್ತದೆ. ಸ್ಪ್ರೇ ಇಷ್ಟಪಡುವವನಾದರೆ ಬೆಳಿಗ್ಗೆ ಹೊತ್ತು ಅವನ ತಲೆಗೆ ಮೇಲಿಂದ ತೆಳ್ಳಗೆ ಹೊಡಿ, ರಾತ್ರಿ ಲೈಟ್ ಆರುವ ಮೊದಲು ಎಲ್ಲ ಒಣಗಿರಬೇಕು. ಅಂದಹಾಗೆ, ಲೈಟ್ ಕೆಳಗೆ ಬಾಯಿ ತೆರೆದು ಕೂತಿರುವುದನ್ನು ನೋಡಿ ಬಾಯಾರಿಕೆ ಅಂದುಕೊಳ್ಳಬೇಡ. ಮೈ ಬಿಸಿ ಜಾಸ್ತಿಯಾದಾಗ ಅವು ಹಾಗೇ ಮಾಡುತ್ತವೆ.

ಅವನಿಗೆ ನೀರು ಸಾಕಾಗುತ್ತಿದೆಯೋ ಇಲ್ಲವೋ ಅಂತ ತಿಳಿಯಲು ಕಕ್ಕಸು ನೋಡು. ಇದು ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಿಕೆಯ ಗುರುತು. ಇವು ನಮ್ಮ ಹಾಗೆ ನೀರಾದ ಮೂತ್ರ ಮಾಡುವುದಿಲ್ಲ. ಬೇಡದ ಸಾರಜನಕವನ್ನು ಯೂರಿಕ್ ಆಸಿಡ್ ಮಾಡಿ, ಅರೆಗಟ್ಟಿಯಾದ ಬಿಳಿ ಮುದ್ದೆಯಾಗಿ ಹೊರಗೆ ಹಾಕುತ್ತವೆ, ಅದಕ್ಕೇ ಯೂರೇಟ್ ಅನ್ನುವುದು. ನೀರು ಉಳಿಸಲು ಇವುಗಳ ದೇಹ ಕಂಡುಕೊಂಡ ದಾರಿ ಅದು. ಆ ಭಾಗ ಬಿಳಿಯಾಗಿ, ಮೆತ್ತಗೆ, ಸ್ವಲ್ಪ ಒದ್ದೆಯಾಗಿದ್ದರೆ ನೆಮ್ಮದಿಯಾಗಿರು, ಅವನು ಬಟ್ಟಲು ಮುಟ್ಟದಿದ್ದರೂ ಚಿಂತೆ ಇಲ್ಲ. ಹಳದಿ ಅಥವಾ ಕಿತ್ತಳೆ ಬಣ್ಣಕ್ಕೆ ತಿರುಗಿ, ಸುಣ್ಣದ ಪುಡಿಯ ಹಾಗೆ ಗಟ್ಟಿಯಾಗಿ ಉದುರಿದರೆ ನೀರು ಸಾಲುತ್ತಿಲ್ಲ. ಇದನ್ನು ಬಹಳ ದಿನ ಕಡೆಗಣಿಸಿದರೆ ಮೂತ್ರಪಿಂಡ ಕೆಡುತ್ತದೆ, ಯೂರಿಕ್ ಆಸಿಡ್ ಹರಳಾಗಿ ಕೀಲುಗಳಲ್ಲೂ ಒಳಗಿನ ಅಂಗಗಳಲ್ಲೂ ಕೂರುತ್ತದೆ. ಗೌಟ್ ಅನ್ನುವುದು ಅದನ್ನೇ. ತುಂಬಾ ನೋವಿನ ಕಾಯಿಲೆ, ಬಂದ ಮೇಲೆ ವಾಸಿ ಮಾಡುವುದು ಕಷ್ಟ. ಹಾಗಾಗಿ ಕಕ್ಕಸು ಎತ್ತಿ ಎಸೆಯುವ ಮೊದಲು ಒಂದು ಕ್ಷಣ ನೋಡು.

ಪಕ್ಕೆಯ ಚರ್ಮ ಮೆಲ್ಲಗೆ ಹಿಡಿದು ಬಿಟ್ಟಾಗ ಬೇಗ ಮೊದಲಿನಂತೆ ಆಗುತ್ತದೆಯೇ ಅಂತಲೂ ನೋಡುವುದುಂಟು. ಆದರೆ ಇವುಗಳ ಪಕ್ಕೆಯ ಚರ್ಮ ಮೊದಲೇ ಸಡಿಲ, ಅದೊಂದನ್ನೇ ನಂಬಬೇಡ. ಆರೋಗ್ಯವಾಗಿದ್ದಾಗ ಅವನ ಚರ್ಮ ಹೇಗಿರುತ್ತದೆ ಅಂತ ಈಗಲೇ ಗಮನಿಸಿಟ್ಟುಕೊ.

ವೈದ್ಯರ ಹತ್ತಿರ ಯಾವಾಗ ಹೋಗಬೇಕು ಅಂತ ಕೇಳಿದ್ದೆ. ಕಣ್ಣು ಗುಳಿ ಬಿದ್ದರೆ, ಬಾಯಿಯ ಜೊಲ್ಲು ದಾರದ ಹಾಗೆ ಅಂಟಿಕೊಂಡರೆ, ಊಟ ಬಿಟ್ಟು ಮಂಕಾಗಿ ಬಿದ್ದುಕೊಂಡರೆ, ಭೇದಿ ನಿಲ್ಲದಿದ್ದರೆ ಕಾಯಬೇಡ. ಸರೀಸೃಪಗಳನ್ನು ನೋಡಿ ಅಭ್ಯಾಸ ಇರುವ ಪಶುವೈದ್ಯರನ್ನೇ ಹುಡುಕು. ಅಷ್ಟು ಒಣಗಿದ ಪ್ರಾಣಿಗೆ ಬಾಯಿಯ ಮೂಲಕ ನೀರು ಸಾಲುವುದಿಲ್ಲ, ಅವರು ಚರ್ಮದ ಕೆಳಗೆ ದ್ರವ ಕೊಡುತ್ತಾರೆ. ಒಂದು ತಾಜಾ ಕಕ್ಕಸಿನ ಸ್ಯಾಂಪಲ್ ಜೊತೆಗೆ ತೆಗೆದುಕೊಂಡು ಹೋಗು, ಹೊಟ್ಟೆಯಲ್ಲಿ ಕಾಕ್ಸಿಡಿಯಾದಂಥ ಪರೋಪಜೀವಿ ಇದ್ದರೆ ಅದರಲ್ಲಿ ಗೊತ್ತಾಗುತ್ತದೆ. ಮನುಷ್ಯರು ಕುಡಿಯುವ ಎನರ್ಜಿ ಡ್ರಿಂಕ್ ಕೊಡುವುದು, ಸುಮ್ನೆ ಉಪ್ಪು ಸಕ್ಕರೆ ಕಲಸಿ ಕುಡಿಸುವುದು, ಇಂಥದ್ದೆಲ್ಲ ನೀನಾಗಿ ಮಾಡಬೇಡ. ಮೈ ತಣ್ಣಗಿದ್ದರೆ ಹೊಟ್ಟೆ ಕೆಲಸ ಮಾಡುವುದಿಲ್ಲ, ದಾರಿಯಲ್ಲಿ ಅವನನ್ನು ಬೆಚ್ಚಗಿಟ್ಟುಕೊ.

ಚಳಿಗಾಲದಲ್ಲಿ ಅವನು ವಾರಗಟ್ಟಲೆ ಮಲಗಿಬಿಡಬಹುದು. ಬ್ರುಮೇಷನ್ ಅನ್ನುವುದು ಇದನ್ನೇ. ಆಗ ಎಬ್ಬಿಸಿ ಕುಡಿಸಬೇಡ. ಅವನಾಗಿಯೇ ಎದ್ದು ಮುಖ ತೋರಿಸಿದ ದಿನ ನಾಲ್ಕು ಹನಿ ಕೊಟ್ಟು ನೋಡು, ನೆಕ್ಕಿದರೆ ನೆಕ್ಕಲಿ. ನಿಜವಾದ ಬ್ರುಮೇಷನ್‌ನಲ್ಲಿ ತೂಕ ಹೆಚ್ಚು ಇಳಿಯುವುದಿಲ್ಲ. ಹತ್ತರಲ್ಲಿ ಒಂದು ಪಾಲು ಇಳಿದರೆ ಅದು ನಿದ್ದೆಯಲ್ಲ, ಕಾಯಿಲೆ ಅಂತಲೇ ತಿಳಿದು ವೈದ್ಯರ ಹತ್ತಿರ ಹೊರಡು.

ಹಾಗಾಗಿ ಗ್ರಾಂ ತೋರಿಸುವ ಒಂದು ಸಣ್ಣ ತಕ್ಕಡಿ ತೆಗೆದುಕೊ, ವಾರಕ್ಕೊಮ್ಮೆ ಅದೇ ಹೊತ್ತಿಗೆ ತೂಗಿ ಬರೆದಿಡು. ಮೊದಲ ತೂಕ ಬಂದ ಕೂಡಲೇ ನನಗೂ ಕಳಿಸು. ಒಂದು ಯೂರೇಟ್ ಫೋಟೋವನ್ನೂ ಕಳಿಸು, ಅಸಹ್ಯ ಅಂತ ಸಂಕೋಚ ಪಡಬೇಡ, ನಾನು ನೋಡಿ ಹೇಳುತ್ತೇನೆ.

ನಿನ್ನ ಗೆಳೆಯ