ಮನಿಲಾದ ಲೈಬ್ರೇರಿಯನ್ನರನ್ನೂ ಒಮ್ಮೆ ಮಾತಾಡಿಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಿಮ್ಮ ಭಾನುವಾರದ ಪುರವಣಿಯಲ್ಲಿ ಫಿಲಿಪ್ಪೀನ್ಸ್ ರಾಜಧಾನಿ ಮನಿಲಾ ಪಕ್ಕದ ಮಕಾಟಿ ನಗರದ ಹೆರ್ನಾಂಡೊ ಗ್ವಾನ್‌ಲಾವ್ ಅವರ ಬಗ್ಗೆ ಬಂದ ಲೇಖನ ಓದಿದೆ. ಮನೆಯ ಮುಂದೆ ರಸ್ತೆ ಬದಿಯಲ್ಲೇ ಪುಸ್ತಕ ಜೋಡಿಸಿಟ್ಟು, ಯಾರು ಬೇಕಾದರೂ ತೆಗೆದುಕೊಂಡು ಹೋಗಿ, ವಾಪಸ್ ತಂದರೂ ಸರಿ, ಇಟ್ಟುಕೊಂಡರೂ ಸರಿ ಎಂದವರು ಅವರು. ತೀರಿಕೊಂಡ ಅಪ್ಪ ಅಮ್ಮನ ನೆನಪಿಗೆ 2000ನೇ ಇಸವಿಯಲ್ಲಿ ಇದನ್ನು ಶುರು ಮಾಡಿದರು. ಸದಸ್ಯತ್ವ ಇಲ್ಲ, ರಿಜಿಸ್ಟರ್ ಇಲ್ಲ, ದಂಡ ಇಲ್ಲ. ಓದಿ ಖುಷಿಯಾಯಿತು. ಆದರೆ ಲೇಖಕರು ಕೊನೆಯಲ್ಲಿ, ಕೌಂಟರ್ ಹಿಂದೆ ಕೂತು ಗದರುವ ಲೈಬ್ರೇರಿಯನ್ನರು ಇವರನ್ನು ನೋಡಿ ಕಲಿಯಬೇಕು ಎಂದು ಒಂದು ಮಾತು ಸೇರಿಸಿದ್ದಾರೆ. ಆ ಮಾತಿಗೆ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಜಾಗ ಇದ್ದರೆ ಹಾಕಿ.

ನಾನು ಮಂಡ್ಯದಲ್ಲಿ ಕಾಲೇಜು ಲೈಬ್ರೇರಿಯನ್ ಆಗಿ ನಿವೃತ್ತಳಾದವಳು. ಮಗ ಮನಿಲಾದಿಂದ ದಕ್ಷಿಣಕ್ಕಿರುವ ಲೋಸ್ ಬಾನ್ಯೋಸ್‌ನಲ್ಲಿ, ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಾನೆ. ಭತ್ತದ ಮೇಲೆ ಬಂದ ಬರಹಗಳ ಸಂಗ್ರಹಕ್ಕೆ ಹೆಸರಾದ ಲೈಬ್ರರಿ ಆ ಸಂಸ್ಥೆಯಲ್ಲಿದೆ ಎನ್ನುವುದು ನನಗೆ ಮಗನ ಸಂಬಳಕ್ಕಿಂತ ಜಾಸ್ತಿ ಖುಷಿ ಕೊಟ್ಟ ವಿಷಯ. ಸದ್ಯ ನಾನೂ ಅವನ ಮನೆಯಲ್ಲೇ ಇದ್ದೇನೆ, ಸಂಜೆ ಹೊತ್ತು ಟಿವಿ ಬಿಟ್ಟರೆ ಬೇರೆ ಕೆಲಸ ಇರುವುದಿಲ್ಲ. ಇಲ್ಲಿನ ಧಾರಾವಾಹಿಗಳನ್ನು ತೆಲೆಸೆರಿಯೆ ಎನ್ನುತ್ತಾರೆ. ಅಡುಗೆಗೆ ಸಹಾಯ ಮಾಡುವ ಆತೆ ಪಕ್ಕದಲ್ಲಿ ಕೂತು ಅರ್ಥ ಹೇಳುತ್ತಾರೆ. ಆತೆ ಎಂದರೆ ಅಕ್ಕ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಆದರೂ ಎಲ್ಲರ ಹಾಗೆ ನಾನೂ ಆತೆ ಎಂದೇ ಕರೆಯುತ್ತೇನೆ.

ನಾನು ಊರಲ್ಲಿ ಏನು ಕೆಲಸ ಮಾಡುತ್ತಿದ್ದೆ ಎಂದು ಒಂದು ದಿನ ಆತೆ ಕೇಳಿದರು. ಲೈಬ್ರೇರಿಯನ್ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆದರೆ ಮ್ಯಾಮ್, ನೀವು ಮಸುಂಗಿತ್ ಅಲ್ವಲ್ಲ!" ಎಂದು ನಕ್ಕರು. ಸಿಡುಕಿ ಅಲ್ಲವಲ್ಲ ಎಂದು. ಲೈಬ್ರೇರಿಯನ್ ಎಂದ ಮೇಲೆ ಸಿಡುಕು ಇರಲೇಬೇಕು ಎನ್ನುವುದು ಅವರಿಗೆ ಅಷ್ಟು ಸಹಜ. ಅವರು ಜೀವನದಲ್ಲಿ ಎಷ್ಟು ಲೈಬ್ರೇರಿಯನ್ನರನ್ನು ನೋಡಿದ್ದಾರೆ? ವಿಚಾರಿಸಿದರೆ, ಶಾಲೆಯಲ್ಲಿದ್ದ ಲೈಬ್ರರಿಗೆ ಯಾವಾಗಲೂ ಬೀಗ ಇರುತ್ತಿತ್ತಂತೆ. ಉಳಿದದ್ದೆಲ್ಲ ಟಿವಿಯಲ್ಲಿ ನೋಡಿದ್ದು.

ಅವತ್ತಿನಿಂದ ನಾನು ಗಮನ ಇಟ್ಟು ನೋಡತೊಡಗಿದೆ. ಕಾಲೇಜು ಪ್ರೇಮಕಥೆ ಆದರೆ ಲೈಬ್ರರಿ ಇದ್ದೇ ಇರುತ್ತದೆ. ಹುಡುಗ ಪುಸ್ತಕ ಎಳೆಯುತ್ತಾನೆ, ಖಾಲಿಯಾದ ಜಾಗದಲ್ಲಿ ಆಚೆ ಕಡೆ ಹುಡುಗಿಯ ಕಣ್ಣು. ಇಬ್ಬರೂ ಪಿಸುಗುಟ್ಟಿದ ಕೂಡಲೇ ಎಲ್ಲಿಂದಲೋ ಒಂದು "ಶ್ಶ್!" ಕ್ಯಾಮೆರಾ ತಿರುಗಿದರೆ ಗಂಟು ಹಾಕಿದ ಕೂದಲು, ಚೈನಿಗೆ ಕಟ್ಟಿದ ಕನ್ನಡಕ, ಕುತ್ತಿಗೆವರೆಗೂ ಗುಂಡಿ ಹಾಕಿದ ಬ್ಲೌಸು. ಆಕೆಗೆ ಹೆಸರಿರುವುದಿಲ್ಲ. ಕಾಮಿಡಿ ಕಾರ್ಯಕ್ರಮಗಳಲ್ಲಿ ಅದೇ ಹೆಂಗಸು, ಮದುವೆಯಾಗದೆ ಉಳಿದವಳು, ಯಾರಾದರೂ ಚೆಲುವ ಹುಡುಗ ಬಂದರೆ ಕನ್ನಡಕ ತೆಗೆದು ಕೂದಲು ಬಿಚ್ಚುತ್ತಾಳೆ. ಜನ ಬಿದ್ದು ಬಿದ್ದು ನಗುತ್ತಾರೆ. ಒಂದೆರಡು ಸಲ ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ. ನನ್ನ ಕೂದಲೂ ಗಂಟೇ.

ಇನ್ನು ನವೆಂಬರ್ ಕಥೆ ಕೇಳಿ. ನವೆಂಬರ್ 1 ಮತ್ತು 2 ಇಲ್ಲಿ ಉಂಡಾಸ್, ಸತ್ತವರನ್ನು ನೆನೆಯುವ ದಿನಗಳು. ಮನೆಮಂದಿಯೆಲ್ಲ ಸ್ಮಶಾನಕ್ಕೆ ಹೋಗಿ ಸಮಾಧಿ ತೊಳೆದು, ಮೇಣದಬತ್ತಿ ಹಚ್ಚಿ, ಅಲ್ಲೇ ಊಟ ಮಾಡುತ್ತಾರೆ. ಅದಕ್ಕೆ ಮುಂಚಿನ ವಾರವೆಲ್ಲ ಟಿವಿಯಲ್ಲಿ ದೆವ್ವದ ಕಥೆಗಳು. ಹಳೇ ಶಾಲೆಯ ಲೈಬ್ರರಿಯಲ್ಲಿ ಬಿಳಿ ಬಟ್ಟೆಯ ಹೆಂಗಸು, ತಾನಾಗಿಯೇ ಕೆಳಗೆ ಬೀಳುವ ಪುಸ್ತಕ, ಕಣ್ಣು ಮಿಟುಕಿಸುವ ಟ್ಯೂಬ್‌ಲೈಟ್. ಇದೇ ನವೆಂಬರ್ ಈ ದೇಶದಲ್ಲಿ ಗ್ರಂಥಾಲಯ ಮಾಸ ಕೂಡ. ಕೊನೆಯ ವಾರ ರಾಷ್ಟ್ರೀಯ ಪುಸ್ತಕ ಸಪ್ತಾಹ. ಲೈಬ್ರೇರಿಯನ್ನರು ಪಾಪ ಬ್ಯಾನರ್ ಬರೆಸಿ, ಮಕ್ಕಳಿಗೆ ಕಥೆ ಓದುವ ಸ್ಪರ್ಧೆ ಇಟ್ಟು ಒದ್ದಾಡುತ್ತಿರುತ್ತಾರೆ. ನನ್ನ ಕಣ್ಣಿಗೆ ಬಿದ್ದ ಟಿವಿಯಲ್ಲಿ ಮಾತ್ರ ದೆವ್ವಕ್ಕೇ ಜಾಸ್ತಿ ಹೊತ್ತು.

ಫಿಲಿಪ್ಪೀನ್ಸ್ ಸಿನಿಮಾದವರಿಗೆ ದುಡಿಯುವವರ ಬಗ್ಗೆ ಅಸಡ್ಡೆ ಅಂತೇನೂ ಅಲ್ಲ. ಹೊಳೆ ದಾಟಿ ಪಾಠ ಹೇಳಲು ಹೋಗುವ ಟೀಚರ್, ಹಾಂಗ್‌ಕಾಂಗ್‌ನಲ್ಲಿ ಬೇರೆಯವರ ಮಗು ಸಾಕುವ ತಾಯಿ, ಲಂಡನ್ನಿನಲ್ಲಿ ವಯಸ್ಸಾದವರ ಆರೈಕೆ ಮಾಡುವವಳು, ಇವರನ್ನೆಲ್ಲ ನಾಯಕಿ ಮಾಡಿ ದೊಡ್ಡ ದೊಡ್ಡ ನಟಿಯರು ಅಭಿನಯಿಸಿದ್ದಾರೆ, ದೇಶವನ್ನೇ ಅಳಿಸಿದ್ದಾರೆ. ಲೈಬ್ರೇರಿಯನ್ನಳಿಗೆ ಮಾತ್ರ ನಾನು ನೋಡಿದ ಯಾವುದರಲ್ಲೂ "ಶ್ಶ್" ದಾಟಿ ಎರಡನೇ ಡೈಲಾಗ್ ಇಲ್ಲ.

ಈಗ ಟಿವಿ ಆರಿಸಿ ಬೀದಿಗೆ ಬನ್ನಿ. ಫಿಲಿಪ್ಪೀನ್ಸ್‌ನಲ್ಲಿ ಲೈಬ್ರೇರಿಯನ್ ಆಗಲು ಡಿಗ್ರಿ ಸಾಲದು, ಸರ್ಕಾರದ ಲೈಸೆನ್ಸ್ ಬೇಕು. ನರ್ಸಿಗೆ, ಎಂಜಿನಿಯರಿಗೆ ಹೇಗೆ ಬೋರ್ಡ್ ಪರೀಕ್ಷೆ ಇದೆಯೋ ಹಾಗೇ. 1990ರಲ್ಲಿ ಮೊದಲ ಕಾನೂನು ಬಂತು, 1992ರಲ್ಲಿ ಮೊದಲ ಪರೀಕ್ಷೆ ನಡೆಯಿತು. ಆಮೇಲೆ 2003ರ ಗ್ರಂಥಪಾಲನಾ ಕಾಯ್ದೆ ಅದನ್ನು ಇನ್ನಷ್ಟು ಬಿಗಿ ಮಾಡಿತು. ಆರು ವಿಷಯ: ಪುಸ್ತಕ ಆಯ್ಕೆ, ಕ್ಯಾಟಲಾಗಿಂಗ್ ಮತ್ತು ವರ್ಗೀಕರಣ, ಇಂಡೆಕ್ಸಿಂಗ್, ರೆಫರೆನ್ಸ್, ಆಡಳಿತ, ಮಾಹಿತಿ ತಂತ್ರಜ್ಞಾನ. ಸರಾಸರಿ ಶೇ 75 ಬರಬೇಕು. ಲೈಸೆನ್ಸ್ ಇಲ್ಲದೆ ಆ ಕೆಲಸ ಮಾಡಿದರೆ ದಂಡ, ಜೈಲು ಎರಡಕ್ಕೂ ಅವಕಾಶ ಇದೆ. ಪಾಸಾದವರು ಪ್ರಮಾಣವಚನ ತೆಗೆದುಕೊಂಡು ಹೆಸರಿನ ಕೊನೆಗೆ ಆರ್‌ಎಲ್, ಅಂದರೆ ರಿಜಿಸ್ಟರ್ಡ್ ಲೈಬ್ರೇರಿಯನ್, ಎಂದು ಹಾಕಿಕೊಳ್ಳುತ್ತಾರೆ. ನಮ್ಮಲ್ಲಿ ಇಂಥದ್ದು ಇದ್ದಿದ್ದರೆ ನನ್ನ ಕೆಲವು ಸಹೋದ್ಯೋಗಿಗಳ ಗತಿ ಏನು ಎಂದು ಯೋಚಿಸಿ ನಗು ಬಂತು. ಅದು ಬೇರೆ ವಿಷಯ.

ಆತೆಯ ಅಣ್ಣನ ಮಗಳು ಈ ಪರೀಕ್ಷೆ ಪಾಸು ಮಾಡಿದ್ದಾಳೆ. ಫಲಿತಾಂಶ ಬಂದ ಮರುದಿನವೇ ಅವರ ಬೀದಿಯ ಮೂಲೆಗೆ ದೊಡ್ಡ ಫ್ಲೆಕ್ಸ್ ಬಂತು. ಪದವಿ ಗೌನು ತೊಟ್ಟ ಅವಳ ಫೋಟೊ, ಕೆಳಗೆ ಹೆಸರು, ಹೆಸರಿನ ಜೊತೆ ಆ ಎರಡು ಅಕ್ಷರ, ಅಭಿನಂದನೆ ಕೋರುವ ಚಿಕ್ಕಪ್ಪ ದೊಡ್ಡಪ್ಪಂದಿರ ಪಟ್ಟಿ. ಇಲ್ಲಿ ಯಾವ ಬೋರ್ಡ್ ಪರೀಕ್ಷೆ ಪಾಸಾದರೂ ಫ್ಲೆಕ್ಸ್ ಹಾಕಿಸುವುದು ವಾಡಿಕೆ. ನಮ್ಮಲ್ಲಿ ಪುಢಾರಿಗಳ ಹುಟ್ಟುಹಬ್ಬಕ್ಕೆ ಹಾಕುತ್ತಾರಲ್ಲ, ಅಷ್ಟೇ ದೊಡ್ಡದು.

ಆ ಹುಡುಗಿಯನ್ನು ಕೇಳಿದೆ, ಈ ಕೋರ್ಸ್ ಸೇರುತ್ತೇನೆ ಎಂದಾಗ ಮನೆಯಲ್ಲಿ ಏನಂದರು ಎಂದು. "ಪುಸ್ತಕ ಜೋಡಿಸೋಕೆ ನಾಲ್ಕು ವರ್ಷ ಓದಬೇಕಾ ಅಂದರು ಆಂಟಿ. ಪಾಸಾದ ಮೇಲೆ ಅವರೇ ಫ್ಲೆಕ್ಸಿಗೆ ದುಡ್ಡು ಕೊಟ್ಟರು" ಎಂದಳು. ಅವಳ ಪರೀಕ್ಷೆ ನೋಟ್ಸ್ ತಿರುವಿ ಹಾಕುತ್ತಿದ್ದಾಗ ಎಸ್.ಆರ್. ರಂಗನಾಥನ್ ಅವರ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳು ಕಣ್ಣಿಗೆ ಬಿದ್ದವು. ಅವರು 1962ರಲ್ಲಿ ನಮ್ಮ ಬೆಂಗಳೂರಿನಲ್ಲೇ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದ್ದು, 1972ರಲ್ಲಿ ಅಲ್ಲೇ ತೀರಿಕೊಂಡಿದ್ದು ಎಂದು ಹೇಳಿದೆ. ಅವಳಿಗೆ ಅವರು ಬರೀ ಪರೀಕ್ಷೆಯ ಪ್ರಶ್ನೆ. ಬೆಂಗಳೂರಿನಲ್ಲಿ ಓಡಾಡಿದ ಮನುಷ್ಯ ಎಂದು ಗೊತ್ತಾಗಿ ಕಣ್ಣರಳಿಸಿದಳು. ನಾನು ಅವರನ್ನು ನೋಡಿಲ್ಲ ಎಂದಾಗ ಸ್ವಲ್ಪ ನಿರಾಸೆಯೂ ಆಯಿತು.

ಅವಳು ದಿನಾ ಮಾಡುವ ಕೆಲಸದಲ್ಲಿ "ಶ್ಶ್"ಗೆ ಬಿಡುವೇ ಇಲ್ಲ. ವಿದ್ಯಾರ್ಥಿಗಳಿಗೆ ಡೇಟಾಬೇಸ್ ಹುಡುಕುವುದು ಹೇಳಿಕೊಡಬೇಕು, ಕದ್ದು ಬರೆದ ಪ್ರಬಂಧ ಹಿಡಿಯಬೇಕು, ಟೈಫೂನ್ ಬಂದು ಮಾಡು ಸೋರಿದರೆ ನೆನೆದ ಪುಟಗಳ ನಡುವೆ ಒಂದೊಂದೇ ಕಾಗದ ಇಟ್ಟು ಫ್ಯಾನಿನ ಕೆಳಗೆ ಒಣಗಿಸಬೇಕು. ಈಗ ಅವಳೂ ಕೊಲ್ಲಿ ದೇಶಕ್ಕೆ ಅರ್ಜಿ ಹಾಕುತ್ತಿದ್ದಾಳೆ.

ಹಾಗಂತ ಸಿಡುಕಿನ ಹೆಸರು ಸುಮ್ನೆ ಬಂದಿದ್ದಲ್ಲ. ಕೂತಲ್ಲೇ ಪುಸ್ತಕ ಕಾಯುವ ಲೈಬ್ರೇರಿಯನ್ನರು ಎರಡೂ ದೇಶದಲ್ಲಿದ್ದಾರೆ, ನನಗೆ ಗೊತ್ತು. ಆದರೆ ಆ ಕಾವಲಿಗೂ ಕಾರಣ ಇದೆ. ಮನಿಲಾದ ರಾಷ್ಟ್ರೀಯ ಗ್ರಂಥಾಲಯದ ಕಟ್ಟಡ 1961ರ ಜೂನ್ 19ರಂದು, ಹೊಸೆ ರಿಸಾಲ್ ಹುಟ್ಟಿ ನೂರು ವರ್ಷ ತುಂಬಿದ ದಿನ ಉದ್ಘಾಟನೆಯಾಯಿತು. ರಿಸಾಲ್ ಈ ದೇಶದ ರಾಷ್ಟ್ರನಾಯಕ. ಅವರ ಕಾದಂಬರಿಗಳ ಕೈಬರಹದ ಪ್ರತಿಗಳು ಅಲ್ಲಿದ್ದವು. ಅದೇ ವರ್ಷದ ಡಿಸೆಂಬರಿನಲ್ಲಿ ಅವು ಕಳುವಾದವು! ಕಳ್ಳರು ದುಡ್ಡಿಗೆ ಬೇಡಿಕೆ ಇಟ್ಟರು. ಆಗಿನ ಶಿಕ್ಷಣ ಸಚಿವ ಅಲೆಹಾಂಡ್ರೊ ರೊಸೆಸ್ ಮಾತುಕತೆ ನಡೆಸಿ ವಾಪಸ್ ತಂದರು. ಹಾಗೆ ಒಂದು ಸಲ ಸುಟ್ಟುಕೊಂಡ ಮೇಲೆ ಬಾಗಿಲಲ್ಲಿ ಬ್ಯಾಗ್ ಇಡಿ, ಗುರುತಿನ ಚೀಟಿ ತೋರಿಸಿ ಎನ್ನದೆ ಇನ್ನೇನು ಮಾಡುತ್ತಾರೆ? ನನ್ನ ಕಾಲದಲ್ಲಿ ಪ್ರತಿ ವರ್ಷ ಸ್ಟಾಕ್ ತಪಾಸಣೆ ಬಂತೆಂದರೆ ನಿದ್ದೆ ಹೋಗುತ್ತಿತ್ತು. ಕಳೆದುಹೋದ ಪುಸ್ತಕದ ದುಡ್ಡು ಎಲ್ಲಿ ನನ್ನ ಸಂಬಳದಿಂದ ಹೋಗುತ್ತದೋ ಎನ್ನುವ ಭಯ. ಗ್ವಾನ್‌ಲಾವ್ ಅವರ ಪುಸ್ತಕ ವಾಪಸ್ ಬರದಿದ್ದರೆ ಅವರನ್ನು ಆಡಿಟರ್ ಕೇಳುವುದಿಲ್ಲ. ಅವರ ದೊಡ್ಡತನ ಅದರಿಂದ ಕಡಿಮೆ ಆಗಲಿಲ್ಲ, ಹೋಲಿಕೆ ಮಾತ್ರ ಸರಿಯಲ್ಲ.

ಈ ರಿಸಾಲ್ ಕಳ್ಳತನವನ್ನು ಧಾರಾವಾಹಿ ಮಾಡಿದರೆ ಜನ ಕುರ್ಚಿ ಬಿಟ್ಟು ಏಳಲಿಕ್ಕಿಲ್ಲ, ಅಲ್ವಾ? 1945ರ ಫೆಬ್ರವರಿಯಲ್ಲಿ ಮನಿಲಾ ಯುದ್ಧದಲ್ಲಿ ಗ್ರಂಥಾಲಯಗಳು ಸುಟ್ಟುಹೋದ ಕಥೆ ಇದೆ. ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯದ ಗ್ರಂಥಪಾಲ ಗೇಬ್ರಿಯಲ್ ಬೆರ್ನಾರ್ಡೊ ಅದಾದ ಮೇಲೆ ಮತ್ತೆ ಮೊದಲಿಂದ ಲೈಬ್ರರಿ ಕಟ್ಟಲು ಕೂತರು. ಕಥೆಗೇನೂ ಬರ ಇಲ್ಲ.

ನನಗೆ ಎಲ್ಲಕ್ಕಿಂತ ತಮಾಷೆ ಅನಿಸಿದ್ದು ಎಡ್ಸಾ ವಿಷಯ. ಎಡ್ಸಾ ಮನಿಲಾದ ದೊಡ್ಡ ಹೆದ್ದಾರಿ, ಸುಮಾರು 24 ಕಿಲೋಮೀಟರ್. 1986ರಲ್ಲಿ ಲಕ್ಷಾಂತರ ಜನ ಈ ರಸ್ತೆಯಲ್ಲೇ ನಿಂತು ಆಗಿನ ಅಧ್ಯಕ್ಷ ಮಾರ್ಕೋಸ್ ಆಡಳಿತವನ್ನು ಇಳಿಸಿದರು. ಎಡ್ಸಾದಲ್ಲಿ ಟ್ರಾಫಿಕ್ ಹೇಗಿದೆ ಎಂದು ಹೇಳದೆ ಇಲ್ಲಿ ಟಿವಿ ವಾರ್ತೆ ಮುಗಿಯುವುದಿಲ್ಲ. ಆ ಹೆಸರು ಎಪಿಫಾನಿಯೊ ದೆ ಲೋಸ್ ಸಾಂತೋಸ್ ಅವೆನ್ಯೂ ಎಂಬುದರ ಚಿಕ್ಕ ರೂಪ. ಯಾರು ಈ ಎಪಿಫಾನಿಯೊ? ಇತಿಹಾಸಕಾರ, ವಕೀಲ, ಮತ್ತು 1925ರಿಂದ 1928ರಲ್ಲಿ ತೀರಿಕೊಳ್ಳುವವರೆಗೆ ಫಿಲಿಪ್ಪೀನ್ಸ್ ಗ್ರಂಥಾಲಯ ಹಾಗೂ ವಸ್ತುಸಂಗ್ರಹಾಲಯದ ನಿರ್ದೇಶಕ. 1959ರಲ್ಲಿ ಕಾನೂನು ಮಾಡಿ ರಸ್ತೆಗೆ ಅವರ ಹೆಸರಿಟ್ಟರು. ರಾಷ್ಟ್ರೀಯ ಗ್ರಂಥಾಲಯ ಇರುವ ರಸ್ತೆಗೆ ತೆಯೊದೊರೊ ಕಲಾವ್ ಹೆಸರು. ಅವರೂ ಅದೇ ಗ್ರಂಥಾಲಯದ ಮುಖ್ಯಸ್ಥರಾಗಿದ್ದವರು. ಲೈಬ್ರರಿ ನಡೆಸಿದ ಮನುಷ್ಯನ ಹೆಸರನ್ನು ವಾರ್ತೆ ಓದುವವರು ದಿನಾ ಹೇಳುತ್ತಾರೆ, ಅದೂ ಟ್ರಾಫಿಕ್ ಜಾಮ್ ಲೆಕ್ಕದಲ್ಲಿ. ಆತೆಗೆ ಇದನ್ನು ಹೇಳಿದರೆ ನಂಬಲಿಲ್ಲ. ಅಣ್ಣನ ಮಗಳಿಗೆ ಫೋನ್ ಮಾಡಿ ಖಚಿತ ಮಾಡಿಕೊಂಡರು.

ಇದೆಲ್ಲ ಬರೀ ಮಾನದ ಪ್ರಶ್ನೆ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. 15 ವರ್ಷದ ಮಕ್ಕಳ ಓದುವ ಸಾಮರ್ಥ್ಯ ಅಳೆಯುವ 2018ರ ಪೀಸಾ ಪರೀಕ್ಷೆಯಲ್ಲಿ ಫಿಲಿಪ್ಪೀನ್ಸ್ 79 ದೇಶ ಮತ್ತು ಪ್ರದೇಶಗಳಲ್ಲಿ ಕೊನೆಗೆ ಬಂತು. 2022ರಲ್ಲೂ ತಳದ ಹತ್ತಿರವೇ. ಊರು, ನಗರ, ಬರಾಂಗೈ ಎಲ್ಲ ಕಡೆ ಗ್ರಂಥಾಲಯ ಅಥವಾ ಓದುವ ಕೇಂದ್ರ ಇರಬೇಕು ಎಂದು 1994ರಲ್ಲೇ ಕಾನೂನು ಆಗಿದೆ. ಬರಾಂಗೈ ಎಂದರೆ ನಮ್ಮ ಗ್ರಾಮ ಪಂಚಾಯಿತಿ, ವಾರ್ಡ್ ಥರದ್ದು. ಅಂಥವು ಸುಮಾರು 42 ಸಾವಿರ ಇವೆ. ಬಹಳಷ್ಟು ಕಡೆ ಆ ಕೇಂದ್ರ ಕಾಗದದ ಮೇಲೇ ಉಳಿದಿದೆ. ಮಕ್ಕಳಿಗೆ ಯಾಕೆ ಓದಲು ಬರುತ್ತಿಲ್ಲ ಎಂದು ಟಿವಿಯಲ್ಲಿ ಚರ್ಚೆ ಆಗುತ್ತದೆ. ಟೀಚರ್ ಬರುತ್ತಾರೆ, ಅಧಿಕಾರಿ ಬರುತ್ತಾರೆ, ಮನಃಶಾಸ್ತ್ರಜ್ಞರೂ ಬರುತ್ತಾರೆ. ನಾನು ನೋಡಿದ ಚರ್ಚೆಗಳಲ್ಲಿ ಒಬ್ಬ ಲೈಬ್ರೇರಿಯನ್ನನ್ನೂ ಕೂರಿಸಿರಲಿಲ್ಲ. ಸಿಡುಕಿಯನ್ನು, ದೆವ್ವವನ್ನು ಯಾರಾದರೂ ಸಲಹೆ ಕೇಳುತ್ತಾರಾ? ಕೇಳದಿದ್ದ ಮೇಲೆ ಹುದ್ದೆ ಯಾಕೆ ತುಂಬುತ್ತಾರೆ, ಪುಸ್ತಕಕ್ಕೆ ದುಡ್ಡು ಯಾಕೆ ಇಡುತ್ತಾರೆ? ಆತೆಯ ಶಾಲೆಯ ಲೈಬ್ರರಿಗೆ ಬೀಗ ಬಿದ್ದಿದ್ದು ಹೀಗೇ ಇರಬೇಕು.

ಅದಕ್ಕೇ ನಿಮ್ಮ ಲೇಖನದ ಆ ಒಂದು ಮಾತು ಚುಚ್ಚಿತು. ರಸ್ತೆ ಬದಿಯ ದಾನಿಯನ್ನು ಹೊಗಳಲು ಸಂಬಳದ ಲೈಬ್ರೇರಿಯನ್ನನ್ನು ಬೈಯಬೇಕಾಗಿಲ್ಲ. ಮನಿಲಾದ ಟಿವಿಯವರು ಮಾಡುವುದನ್ನೇ ನಮ್ಮ ಕನ್ನಡ ಪತ್ರಿಕೆ ಅಲ್ಲಿಗೆ ಹೋಗಿ ಮಾಡುವುದು ಬೇಡ.

ನವೆಂಬರ್ ಗ್ರಂಥಾಲಯ ಮಾಸದಲ್ಲಿ ಒಬ್ಬ ಲೈಬ್ರೇರಿಯನ್ ಜೊತೆ ಅರ್ಧ ಪುಟದ ಮಾತುಕತೆ ಹಾಕಿ. ಯಾರೂ ಸಿಗಲಿಲ್ಲ ಎಂದರೆ ಆತೆಯ ಅಣ್ಣನ ಮಗಳನ್ನು ನಾನು ಒಪ್ಪಿಸುತ್ತೇನೆ. ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಾಳೆ, ಕನ್ನಡಕ್ಕೆ ನಾನು ಮಾಡಿಕೊಡುತ್ತೇನೆ. ಶನಿವಾರ ಮಧ್ಯಾಹ್ನದ ಮೇಲೆ ಅವಳಿಗೆ ರಜೆ. ಕೊಲ್ಲಿಯಿಂದ ಕರೆ ಬರುವುದರೊಳಗೆ ಕೇಳಿದರೆ ಒಳ್ಳೆಯದು.

ಇಂತಿ,
ನಿವೃತ್ತ ಗ್ರಂಥಪಾಲಕಿ, ಮಂಡ್ಯ
(ಸದ್ಯ ಲೋಸ್ ಬಾನ್ಯೋಸ್, ಫಿಲಿಪ್ಪೀನ್ಸ್)